ನೆಲ್ಡಾಳ ಕೋಳಿ ಕಡುಬು ಊಟವೋ ತಿಂಡಿಯೋ

“ನನ್ನ ಕೈಯಿಂದ ಇವತ್ತಿನವರೆಗೆ ಒಂದು ನಿಯಮಾನೂ ಮುರಿದಿಲ್ಲ. ನನ್ನ ಕೈಯಡುಗೆ ಉಂಡವರು ಯಾರೂ ಹಸಿದು ಎದ್ದಿಲ್ಲ. ಒಂದ್ಸಲ ಕೊಟ್ಟ ತೀರ್ಪನ್ನ ನಾನು ವಾಪಸ್ ತಗೊಂಡಿಲ್ಲ.”

ನೆಲ್ಡಾ ಕ್ರಂಪ್ಟನ್ ಈ ಮೂರು ಮಾತನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಹೇಳುವಾಗ ಎದುರಿಗೆ ಯಾರಾದರೂ ಇರಲೇಬೇಕೆಂದೇನೂ ಇರಲಿಲ್ಲ. ದನದ ಹಿಂಡಿಯ ಮೂಟೆಗಳಿಗೂ ಹೇಳಿದ್ದುಂಟು, ಮೂಟೆಗಳು ತಲೆದೂಗಿದ್ದನ್ನು ನಾನೇ ಕಂಡಿದ್ದೇನೆ.

ಟಿಬ್ಸ್‌ವಿಲ್ಲಿನಲ್ಲಿ ನನ್ನದೊಂದು ಬೀಜ, ಗೊಬ್ಬರ, ಹಿಂಡಿ ಮಾರುವ ಅಂಗಡಿ. ಹೆಸರಿಗೆ ಮಾಲೀಕ ನಾನು. ಗಲ್ಲಾದ ಹಿಂದೆ ಕೂರುತ್ತಿದ್ದವಳು ನೆಲ್ಡಾ. ಗಿರಾಕಿಗಳು ಬಾಗಿಲಲ್ಲಿ ನಿಂತು “ನೆಲ್ಡಾ ಇದ್ದಾಳಾ?” ಎಂದು ಕೇಳುತ್ತಿದ್ದರೇ ಹೊರತು “ಗ್ರೇಡಿ ಇದ್ದಾನಾ?” ಎಂದು ಕೇಳಿದವರನ್ನು ನಾನು ಕಾಣೆ. ಆಳು ಗುಬ್ಬಿಯಷ್ಟು. ಧ್ವನಿ ಮಾತ್ರ ದೇವರು ಬೇರೆ ಯಾರಿಗೋ ಇಟ್ಟಿದ್ದನ್ನು ಕೈತಪ್ಪಿ ಇವಳಿಗೆ ಹಾಕಿದ್ದು. ಆಕೆ ಅಂಗಡಿಯೊಳಗೆ ಸೀನಿದರೆ ಮೂರು ಹೊಲದಾಚೆ ಹಸುಗಳು ಹಾಲು ಏರಿಸಿಕೊಳ್ಳುತ್ತಿದ್ದವು.

ನಮ್ಮ ಅಲಬಾಮಾದಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಆಮೇಲೆ ಕೇಳುತ್ತಾರೆ, ಸ್ಟೇಟೋ ಟೆಕ್ಕೋ ಎಂದು ಮೊದಲು ಕೇಳುತ್ತಾರೆ. ಕಹಾಬಾ ಸ್ಟೇಟ್ ಒಂದು ಕಾಲೇಜು, ಮಿಲ್‌ಬ್ರೂಕ್ ಟೆಕ್ ಇನ್ನೊಂದು. ಎರಡಕ್ಕೂ ಫುಟ್‌ಬಾಲ್ ತಂಡ ಉಂಟು. ಪಾಠ ಹೇಳುತ್ತಾರೋ ಇಲ್ಲವೋ ವಿಚಾರಿಸಿದವರಿಲ್ಲ. ಆಟದ ಹೆಸರಲ್ಲಿ ಕಾಲು ಇದೆ, ಆಡುವುದು ಕೈಯಲ್ಲಿ, ಜಗಳವಾಡುವುದು ಬಾಯಲ್ಲಿ. ಆಡುವವರು ಶನಿವಾರ ಒಂದು ದಿನ ಆಡುತ್ತಾರೆ. ನಾವು ಬಾಯಿಯವರು ಉಳಿದ ದಿನಗಳನ್ನು ನೋಡಿಕೊಳ್ಳುತ್ತೇವೆ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಆಗ ಆಟಗಾರ ಹುಡುಗರಿಗೆ ಹೊರಗಿನವರು ಹುಲ್ಲುಕಡ್ಡಿಯನ್ನೂ ಕೊಡುವಂತಿರಲಿಲ್ಲ. ಅದರಲ್ಲೂ ತಂಡದ ಅಭಿಮಾನಿ ಸಂಘದಲ್ಲಿ ಹೆಸರಿದ್ದವರು ಕೊಟ್ಟರೆ ಹುಡುಗನ ಆಡುವ ಅರ್ಹತೆಯೇ ಹೋಯಿತು. ಪುಕ್ಕಟೆ ಊಟ ಹಾಕಿದರೆ ತಪ್ಪು. ತಿಂಡಿಯಾದರೆ ತಪ್ಪಿಲ್ಲ. ಯಾವುದು ಊಟ, ಯಾವುದು ತಿಂಡಿ ಎಂದು ಬರೆದವರು ಮಾತ್ರ, ನನ್ನ ಪ್ರಕಾರ, ಎರಡನ್ನೂ ತಿನ್ನದೆ ಬದುಕಿದ್ದವರು.

ನೆಲ್ಡಾ ನಮ್ಮ ಕೌಂಟಿಯ ಸ್ಟೇಟ್ ಅಭಿಮಾನಿ ಸಂಘದ ಅಧ್ಯಕ್ಷೆ. ಆ ನಿಯಮಗಳನ್ನೆಲ್ಲ ಅರೆದು ಕುಡಿದವಳು. ಪ್ರತಿ ಸೋಮವಾರ ಬೆಳಿಗ್ಗೆ ಜಿಮ್ಮಿ ರೇ ಸ್ಟಾಲಿಂಗ್ಸ್‌ನ ರೇಡಿಯೋ ಕಾರ್ಯಕ್ರಮಕ್ಕೆ ನನ್ನ ಅಂಗಡಿಯ ಫೋನಿನಿಂದ ಕರೆ ಮಾಡಿ, ಟೆಕ್‌ನವರು ಆ ವಾರ ಎಸಗಿದ ಪಾಪಗಳನ್ನು ಓದಿ ಹೇಳುತ್ತಿದ್ದಳು. ಟೆಕ್‌ನ ಹುಡುಗ ಹೊಸ ಷೂ ಹಾಕಿದರೆ ಯಾರು ಕೊಡಿಸಿದರು? ಹಳೇ ಷೂ ಹಾಕಿದರೆ ಹೊಸದನ್ನು ಎಲ್ಲಿ ಬಚ್ಚಿಟ್ಟಿದ್ದಾನೆ? ಟೆಕ್‌ನ ಆಟಗಾರನೊಬ್ಬ ಸ್ವಂತ ತಾಯಿಯ ಕೈತುತ್ತು ತಿಂದರೂ, ಆ ತಾಯಿ ಟೆಕ್ ಸಂಘದ ಸದಸ್ಯೆಯೇ ಎಂದು ಆಕೆ ವಿಚಾರಿಸದೆ ಬಿಡುತ್ತಿರಲಿಲ್ಲ.

ಎದುರು ಸಾಲಿನಲ್ಲಿ ಹೋಯ್ಟ್ ಪೆಟಿಗ್ರೂನ ಕ್ಷೌರದಂಗಡಿ. ಅವನು ಟೆಕ್ ಸಂಘದ ಅಧ್ಯಕ್ಷ. ನೆಲ್ಡಾಳೊಂದಿಗೆ ಒಂದನೇ ಕ್ಲಾಸಿನಿಂದ ಓದಿದವನು, ಅಂದಿನಿಂದ ಇಂದಿನವರೆಗೆ ಅವಳ ಮಾತಿಗೆ ಎದುರು ಹೇಳುವುದೇ ಅವನ ಮುಖ್ಯ ಕಸುಬು. ಬೆಳಗಿನ ಕಾಫಿ ಅವನು ಕುಡಿಯುತ್ತಿದ್ದದ್ದು ನನ್ನ ಅಂಗಡಿಯ ಬೆಂಚಿನ ಮೇಲೆ. ಮನೆಯಲ್ಲಿ ಜಗಳಕ್ಕೆ ಹೆಂಡತಿ ಲೊರೀನ್ ಸಿಗುತ್ತಿರಲಿಲ್ಲ, ಆಕೆಗೆ ಕಿವಿ ಮಂದ.

ಈ ಇಬ್ಬರ ನಡುವೆ ಒಂದು ಹಳೇ ಗಾಯವಿತ್ತು. ಈ ಕಡುಬಿನ ಗಲಾಟೆಗೆ ಎರಡು ವರ್ಷದ ಹಿಂದೆ ಹೋಯ್ಟ್‌ನ ಚರ್ಚಿನವರು ಶುಕ್ರವಾರ ಮೀನು ಹುರಿದು ಮಾರುತ್ತಿದ್ದರು. ಡ್ವೈಟ್ ಲೆಡ್‌ಬೆಟರ್ ಎಂಬ ಟೆಕ್‌ನ ಹುಡುಗ, ಕೊಟ್ಟಿಗೆಯ ಬಾಗಿಲಿನಷ್ಟು ಅಗಲ, ಅದೇ ಚರ್ಚಿನಲ್ಲಿ ಬೆಳೆದವನು, ರಜೆಗೆ ಬಂದು ಸಾಲಿನಲ್ಲಿ ನಿಂತ. ಹೋಯ್ಟ್ ಪ್ರೀತಿಯಿಂದ ತಟ್ಟೆ ತುಂಬಿ ಕೊಟ್ಟ, ದುಡ್ಡು ಕೇಳಲಿಲ್ಲ. ಸೋಮವಾರ ನೆಲ್ಡಾ ರೇಡಿಯೋದಲ್ಲಿ ತೀರ್ಪು ಕೊಟ್ಟಳು.

“ಬರೀ ಮೀನಾಗಿದ್ರೆ ತಿಂಡಿ ಅಂತ ಬಿಟ್ಬಿಡ್ತಿದ್ದೆ ಜಿಮ್ಮಿ ರೇ. ಪಕ್ಕಕ್ಕೆ ಎಲೆಕೋಸಿನ ಪಚಡಿ ಹಾಕಿದಾನೆ, ಜೋಳದ ಬೋಂಡ ಹಾಕಿದಾನೆ. ಪಕ್ಕಕ್ಕೆ ಏನಾದ್ರೂ ಬಂತು ಅಂದ್ರೆ ಅದು ಊಟ.”

ಪ್ರತಿ ಸೋಮವಾರ ಅದನ್ನೇ ಹೇಳಿದಳು. ಕೊನೆಗೆ ಟೆಕ್‌ನವರೇ ಹೆದರಿ ಹುಡುಗನನ್ನು ಸ್ಟೇಟ್ ವಿರುದ್ಧದ ಪಂದ್ಯದಿಂದ ಹೊರಗಿಟ್ಟರು. ಅವನು ನಿಲ್ಲಬೇಕಿದ್ದ ಜಾಗದಲ್ಲಿ ನಮ್ಮ ಸ್ಟೇಟ್‌ನವರು ಗಾಡಿ ಹೊಡೆದುಕೊಂಡು ಹೋದಂತೆ ಹೋದರು. ಆ ಚಳಿಗಾಲವಿಡೀ ಹೋಯ್ಟ್ ಸ್ಟೇಟ್‌ನವರ ತಲೆಗಳನ್ನು ಒಂದು ಪಕ್ಕ ಮಾತ್ರ ಕತ್ತರಿಸಿ, ಇನ್ನೊಂದು ಪಕ್ಕ “ನಿಯಮ ನೋಡಿ ಹೇಳ್ತೀನಿ” ಎಂದು ಕಳಿಸಿದ. ನಾವು ಅರ್ಧ ಊರು ಗಾಳಿಗೆ ವಾಲಿದ ಮರಗಳ ಹಾಗೆ ಓಡಾಡಿದೆವು.

ಹೀಗಿರುವಾಗ, ಎರಡು ವರ್ಷ ಕಳೆದು ನವೆಂಬರಿನಲ್ಲಿ, ಮಿಸ್ ಒಜೆಲ್ಲಾ ಓಡಮ್ ತೀರಿಕೊಂಡಳು. ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಬಡಿಸಿದ ಕೈ ಅವಳದು. ಸ್ಟೇಟ್ ತಂಡದ ಚೆಂಡೆಸೆಯುವ ಹುಡುಗ, ತಂಡದ ಜೀವ, ಡೆಮೆಟ್ರಿಕ್ ಅವಳ ಮೊಮ್ಮಗ. ಅವಳೇ ಸಾಕಿದ್ದು. ಅದು ಅವನ ಕಾಲೇಜಿನ ಕೊನೆಯ ವರ್ಷ, ಬರುವ ಶನಿವಾರ ಟೆಕ್ ವಿರುದ್ಧ ಅವನ ಕೊನೆಯ ಪಂದ್ಯ.

ನಮ್ಮಲ್ಲಿ ಸಾವಿನ ಸುದ್ದಿ ಬಂದ ಕೂಡಲೇ ಹೆಂಗಸರು ಅಳುವುದಿಲ್ಲ, ಒಲೆ ಹಚ್ಚುತ್ತಾರೆ. ಅಳು ಆಮೇಲೆ, ಕುದಿ ಬಂದ ಮೇಲೆ. ಯಾರ ಮನೆಯ ಪಾತ್ರೆ ಯಾವುದೆಂದು ತಿಳಿಯಲಿ ಎಂದು ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದು ಒಯ್ಯುತ್ತಾರೆ. ಸತ್ತವರ ಕಡೆಯವರು ಮಣ್ಣಾದ ಮೇಲೆ ಪಾತ್ರೆಗಳನ್ನು ತೊಳೆದು ಮನೆಮನೆಗೆ ಮುಟ್ಟಿಸುತ್ತಾರೆ. ನೆಲ್ಡಾ ಮಾಡಿದ್ದು ಕೋಳಿ ಕಡುಬು. ಇಡೀ ಕೋಳಿಯನ್ನು ಮೂಳೆ ಬಿಡುವವರೆಗೆ ಬೇಯಿಸಿ, ಆ ಸಾರಿನೊಳಗೇ ಹಿಟ್ಟಿನ ಕಡುಬು ಬಿಟ್ಟು, ಮೇಲೆ ಮೆಣಸಿನ ಪುಡಿ. ಅದರ ಪರಿಮಳಕ್ಕೆ ಸತ್ತವರು ಎದ್ದು ಕೂತ ದಾಖಲೆ ಇಲ್ಲ. ಆದರೆ ಹೆಣ ಹೊತ್ತು ಹೊರಟವರು ಒಂದೆರಡು ಸಲ ನಿಂತು ಹಿಂದೆ ತಿರುಗಿ ನೋಡಿದ್ದುಂಟು. ಅದನ್ನು ನೀಲಿ ಪಾತ್ರೆಯಲ್ಲಿ ತುಂಬಿ ಓಡಮ್‌ರ ಮನೆಗೆ ಒಯ್ದಳು. ನಿಯಮಗಳನ್ನು ಉಸಿರಾಡುತ್ತಿದ್ದವಳಿಗೆ ಆಗ ನಿಯಮದ ನೆನಪೇ ಬರಲಿಲ್ಲ. ಬಂದಿದ್ದರೆ ಅವಳು ನಮ್ಮೂರವಳೇ ಅಲ್ಲ.

ಮಂಗಳವಾರ ಬೆಳಿಗ್ಗೆ ಡೆಮೆಟ್ರಿಕ್ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದ. ಕೈಯಲ್ಲಿ ನೀಲಿ ಪಾತ್ರೆ.

“ನಿಮ್ಮ ಪಾತ್ರೆ, ಮಿಸ್ ನೆಲ್ಡಾ. ಅಜ್ಜಿ ಇದ್ದಿದ್ರೆ ಇನ್ನೂ ಚೆನ್ನಾಗಿ ಉಜ್ಜಿರೋರು, ಮ್ಯಾಮ್.”

“ನನ್ನ ಮುಖ ಕಾಣ್ತಿದೆ ಕಣೋ ಇದ್ರಲ್ಲಿ. ಇನ್ನೂ ಉಜ್ಜಿದ್ರೆ ತಳ ತೂತು ಬೀಳೋದು. ಹೊಟ್ಟೆಗೆ ಏನಾದ್ರೂ ತಗೋತಿದೀಯಾ ಮಗಾ?”

“ಅಜ್ಜಿ ಹೋದಾಗಿಂದ ಗಂಟಲಲ್ಲಿ ಏನೂ ಇಳಿದಿರಲಿಲ್ಲ, ಮ್ಯಾಮ್. ಬಂದವರೆಲ್ಲ ಎದ್ದುಹೋದ್ಮೇಲೆ ನಿಮ್ಮ ಪಾತ್ರೆ ಮುಚ್ಚಳ ತೆಗೆದೆ. ಒಲೆ ಮುಂದೇನೇ ನಿಂತ್ಕೊಂಡು, ಸೌಟಲ್ಲೇ...” ಹುಡುಗ ನಾಚಿ ನೆಲ ನೋಡಿದ. “ಪೂರ್ತಿ ನಾನೇ ಖಾಲಿ ಮಾಡ್ಬಿಟ್ಟೆ. ನಮ್ಮತ್ತೆಗೂ ಉಳಿಸ್ಲಿಲ್ಲ. ಅಂಥಾ ಊಟ ನಾನು ಜನ್ಮದಲ್ಲಿ ಮಾಡಿರಲಿಲ್ಲ.”

ಬೆಂಚಿನ ಮೇಲೆ ಹೋಯ್ಟ್‌ನ ಕಾಫಿ ಬಾಯಿಯವರೆಗೆ ಹೋಗಿದ್ದು ಅಲ್ಲೇ ನಿಂತಿತು.

“ಏನಂದೆ ಮಗಾ? ಕೊನೇ ಮಾತು ಇನ್ನೊಂದ್ಸಲ ಹೇಳು, ನಂಗೆ ಕಿವಿ ಸ್ವಲ್ಪ...”

“ಅಂಥಾ ಊಟ ಮಾಡಿರಲಿಲ್ಲ ಅಂದೆ, ಸರ್.”

“ಊಟ,” ಎಂದ ಹೋಯ್ಟ್, ಬೆಲ್ಲದ ಚೂರನ್ನು ನಾಲಗೆಯಡಿ ಇಟ್ಟುಕೊಂಡವನಂತೆ.

ಹುಡುಗ ಎಲ್ಲರಿಗೂ ನಮಸ್ಕಾರ ಹೇಳಿ ಕಾಲೇಜಿನ ದಾರಿ ಹಿಡಿದ. ಅವನ ಕಾರಿನ ಸದ್ದು ಕರಗುವವರೆಗೂ ಹೋಯ್ಟ್ ಕಾದ. ಅಷ್ಟು ಸಭ್ಯತೆ ಅವನಲ್ಲಿತ್ತು.

“ಸ್ಟೇಟ್ ಸಂಘದ ಅಧ್ಯಕ್ಷೆ ಸ್ಟೇಟ್ ಆಟಗಾರನಿಗೆ ಪುಕ್ಕಟೆ ಊಟ ಹಾಕಿದಾಳೆ. ಆಟಗಾರನೇ ಬಾಯಿಬಿಟ್ಟು ಹೇಳಿದಾನೆ. ಸಾಕ್ಷಿಗೆ ನಾನು, ಗ್ರೇಡಿ, ಆ ನೀಲಿ ಪಾತ್ರೆ.”

“ಮರಣದ ಮನೆ ಊಟ ಕಣೋ ಹೋಯ್ಟ್!” ಎಂದೆ ನಾನು. “ಮನುಷ್ಯನಾ ನೀನು?”

“ನಿಯಮದಲ್ಲಿ ಮರಣದ ಮನೆ ಅಂತ ಎಲ್ಲಾದ್ರೂ ಇದ್ಯಾ? ನಂಗೊತ್ತಿಲ್ಲಪ್ಪ, ನಾನು ತಲೆ ಬೋಳಿಸೋನು. ಬಲ್ಲವರು ಇಲ್ಲೇ ಕೂತಿದಾರೆ, ಕೇಳು.”

ನಾನು ನೆಲ್ಡಾಳ ಕಡೆ ತಿರುಗಿದೆ. ಅವಳ ಮುಖ ಮೈದಾಹಿಟ್ಟಾಗಿತ್ತು.

“ಇಲ್ಲ,” ಎಂದಳು. ನಾನು ಅವಳ ಬಾಯಿಂದ ಕೇಳಿದ ಮಾತುಗಳಲ್ಲಿ ಅಷ್ಟು ಸಣ್ಣದು ಇನ್ನೊಂದಿಲ್ಲ.

“ನಾನು ರೇಡಿಯೋಗೆ ಫೋನ್ ಮಾಡಲ್ಲ,” ಎಂದ ಹೋಯ್ಟ್, ಟೋಪಿ ಹಾಕಿಕೊಳ್ಳುತ್ತ. “ಆ ಕೆಲ್ಸ ನಿಂದು. ಎರಡು ವರ್ಷದ ಹಿಂದೆ ನಮ್ಮ ಡ್ವೈಟ್ ಆ ಶನಿವಾರ ನನ್ನ ಕುರ್ಚಿ ಮೇಲೆ ಕೂತು ಅತ್ತ. ಅಷ್ಟಗಲದ ಹುಡುಗ. ನನ್ನ ಕುರ್ಚಿ ಸ್ಪ್ರಿಂಗೇ ಹೋಯ್ತು.”

ಅವನು ಹೋದ ಮೇಲೆ ನಾನು ನೆಲ್ಡಾಳಿಗೆ ಬುದ್ಧಿ ಹೇಳಿದೆ. ಹುಡುಗ ಮಾತಾಡಿದ್ದು ನಾಲ್ಕು ಗೋಡೆಯೊಳಗೆ, ಹೋಯ್ಟ್ ಏನು ಹೇಳಿದರೂ ಟೆಕ್‌ನವನ ಮಾತು ಯಾರು ನಂಬುತ್ತಾರೆ, ಬಾಯಿ ಮುಚ್ಚಿಕೊಂಡಿದ್ದರೆ ಶನಿವಾರ ತಾನಾಗಿ ಬರುತ್ತದೆ ಎಂದೆ. ಅವಳು ಪಾತ್ರೆಯ ತಳದ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

“ಆ ಡ್ವೈಟ್ ಅತ್ತಿದ್ದು ನಂಗೆ ಗೊತ್ತಿರಲಿಲ್ಲ ಗ್ರೇಡಿ.”

“ಗೊತ್ತಿದ್ರೆ?”

“ಗೊತ್ತಿದ್ರೂ ಫೋನ್ ಮಾಡ್ತಿದ್ದೆ. ಅದೇ ನೋಡು ತೊಂದ್ರೆ. ಈಗ್ಲೂ ಮಾಡ್ಬೇಕು.”

ಮಾಡಿದಳು. ಜಿಮ್ಮಿ ರೇಗೆ ಸಂಭ್ರಮವೋ ಸಂಭ್ರಮ.

“ಏನ್ ಮಿಸ್ ನೆಲ್ಡಾ, ಮಂಗಳವಾರವೇ! ಟೆಕ್‌ನ ಯಾವ ಹುಡುಗ ಸಿಕ್ಕಿಬಿದ್ದ ಇವತ್ತು?”

“ಟೆಕ್ ಅಲ್ಲ, ಸ್ಟೇಟ್. ಹುಡುಗನ ತಪ್ಪಲ್ಲ, ನಂದು. ನಾನೇ ಊಟ ಹಾಕಿದ್ದು.”

ರೇಡಿಯೋದಲ್ಲಿ ಎಷ್ಟು ಹೊತ್ತು ಮೌನವಿತ್ತೆಂದರೆ, ನಮ್ಮೂರಿನ ಮೂವರು ತಮ್ಮ ರೇಡಿಯೋ ಕೆಟ್ಟಿತೆಂದು ರಿಪೇರಿಗೆ ಹೊತ್ತುಕೊಂಡು ಹೊರಟರು. ಆಮೇಲೆ ಶುರುವಾಯಿತು ನೋಡಿ. ರಾಜ್ಯದ ಮೂಲೆಮೂಲೆಯಿಂದ ಕರೆ. ಕೋಳಿ ಕಡುಬು ಊಟವೋ, ತಿಂಡಿಯೋ? ಊಟವಾದರೆ ಡೆಮೆಟ್ರಿಕ್ ಶನಿವಾರ ಹೊರಗೆ. ತಿಂಡಿಯಾದರೆ ಒಳಗೆ. ದಕ್ಷಿಣದ ಕಡೆಯ ಪಾದ್ರಿಯೊಬ್ಬರು ಬೈಬಲು ತೆಗೆದರು. ಐದು ರೊಟ್ಟಿ, ಎರಡು ಮೀನು, ಸಾವಿರಾರು ಜನ. ಪಾಲು ಹಾಕಿದರೆ ತಲೆಗೊಂದು ಚೂರೂ ಬರದು, ಆದರೂ ಎಲ್ಲರ ಹೊಟ್ಟೆ ತುಂಬಿತೆಂದಿದೆ, ಆದ್ದರಿಂದ ಹೊಟ್ಟೆ ತುಂಬಿದ್ದೇ ಊಟ. ಪಾದ್ರಿಗಳು ಟೆಕ್‌ನಲ್ಲಿ ಓದಿದವರೆಂದು ಮುಂದಿನ ಕರೆಯವನು ತಿಳಿಸಿದ. ಹಲ್ಲಿನ ಡಾಕ್ಟರೊಬ್ಬ, ಹಲ್ಲಿಗೆ ಕೆಲಸವಿದ್ದರೆ ಮಾತ್ರ ಊಟ, ಕಡುಬು ಹಲ್ಲಿಗೆ ಸೋಕದೆ ಜಾರುವುದರಿಂದ ಅದು ತಿಂಡಿಯೂ ಅಲ್ಲ, ಪಾನೀಯ ಎಂದ. ಗಾಜಿನ ಕಾರ್ಖಾನೆಯಲ್ಲಿ ಕೆಲಸದವರು ಎರಡು ಬಣವಾಗಿ ಮಧ್ಯಾಹ್ನ ಬುತ್ತಿ ಬಿಚ್ಚದೆ ಕೂತರು. ಬಿಚ್ಚುವುದು ಊಟವೋ ತಿಂಡಿಯೋ ಎಂದು ಮೊದಲು ತೀರ್ಮಾನವಾಗಬೇಕಿತ್ತು. ಎರಡು ನಿಶ್ಚಿತಾರ್ಥ ಮುರಿದವು. ಒಂದು ಕೂಡಿತು, ಇಬ್ಬರೂ ಪಾನೀಯ ಪಕ್ಷದವರು.

ಗುರುವಾರ ಸ್ಟೇಟ್ ಕಾಲೇಜಿನಿಂದ ನಿಯಮ ನೋಡಿಕೊಳ್ಳುವ ಅಧಿಕಾರಿ ಬಂದ. ಪ್ರೆಸ್ಟನ್ ವೇಡ್ ಎಂದು ಹೆಸರು, ಚಿಕ್ಕ ವಯಸ್ಸು, ಕುತ್ತಿಗೆಗಿಂತ ಟೈ ದಪ್ಪ. ಅವನ ಹಿಂದೆ ಇಡೀ ಊರು ನನ್ನ ಅಂಗಡಿಗೆ ನುಗ್ಗಿತು. ಅವತ್ತು ನಾನು ಒಂದು ಕಾಳು ಬೀಜ ಮಾರಲಿಲ್ಲ, ಬೆಂಚಿನ ಮೇಲೆ ಹನ್ನೊಂದು ಜನ ಕೂತರು, ಬೆಂಚು ನಾಲ್ವರದು. ಜಿಮ್ಮಿ ರೇ ಫೋನಿನಲ್ಲೇ ಕಾಯುತ್ತಿದ್ದ, ರಿಸೀವರನ್ನು ಗಲ್ಲಾದ ಮೇಲೆ ಮಲಗಿಸಿದ್ದೆವು.

“ಮೇಡಂ, ನಾನು ಹುಡುಗನ್ನ ಆಗ್ಲೇ ವಿಚಾರಿಸಿದೀನಿ,” ಎಂದ ವೇಡ್. “ಕೂತ್ಕೊಂಡು ತಿಂದ್ಯಾ ಅಂದೆ. ನಿಂತು ಅಂದ. ತಟ್ಟೆ ಇತ್ತಾ ಅಂದೆ. ಇಲ್ಲ ಅಂದ. ಪಕ್ಕಕ್ಕೆ ಏನಾದ್ರೂ? ಏನೂ ಇಲ್ಲ ಅಂದ.”

“ಪಕ್ಕಕ್ಕಿಲ್ದಿದ್ರೆ ತಿಂಡಿ!” ಎಂದು ಸ್ಟೇಟ್‌ನವರು ಕೂಗಿದರು. “ನೆಲ್ಡಾನೇ ಕೊಟ್ಟ ತೀರ್ಪು!”

“ಆದ್ರೆ,” ಎಂದ ವೇಡ್, ಮುಖ ಹುಳ್ಳಗೆ ಮಾಡಿ, “ಹಾಗಾದ್ರೆ ಅದು ತಿಂಡಿ ಅನ್ನಪ್ಪ ಅಂದೆ. ಅನ್ನಲ್ಲ ಅಂತಾನೆ. ‘ಮಿಸ್ ನೆಲ್ಡಾ ಅಡುಗೇನ ತಿಂಡಿ ಅಂದ್ರೆ ಅಜ್ಜಿ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾರೆ, ಅದು ಊಟ, ನಾನು ಆಡದಿದ್ರೂ ಪರವಾಗಿಲ್ಲ’ ಅಂತಾನೆ. ಒಂದು ಗಂಟೆ ಕಾಡಿದೆ. ಬಗ್ಗಲಿಲ್ಲ.”

ಟೆಕ್‌ನವನೊಬ್ಬ ಮೆಲ್ಲಗೆ “ಒಳ್ಳೇ ಹುಡುಗ ಪಾಪ” ಎಂದ, ಕೂಡಲೇ ಅಕ್ಕಪಕ್ಕ ನೋಡಿಕೊಂಡ.

“ಉಳಿದಿದ್ದು ಅಡುಗೆ ಮಾಡಿದವರ ಮಾತು. ನೀವು ಅದನ್ನ ತಿಂಡಿ ಅಂತ ಮಾಡಿದ್ದೋ, ಊಟ ಅಂತ ಮಾಡಿದ್ದೋ? ಅದಕ್ಕೆ ಮುಂಚೆ ಪದಾರ್ಥ ಹೇಗಿರುತ್ತೆ ಅಂತ ನಾನು ನೋಡ್ಬೇಕಲ್ಲ...”

ನೆಲ್ಡಾ ಹಾಗೆ ಬಿಡುವವಳೇ? ಒಂದು ಪಾತ್ರೆ ಮಾಡಿಯೇ ತಂದಿದ್ದಳು. ವೇಡ್ ಪರೀಕ್ಷೆಗೆಂದು ಒಂದು ಚಮಚ ತೆಗೆದುಕೊಂಡ. ಕಣ್ಣು ಮುಚ್ಚಿದ. ಖಾತ್ರಿಗೆಂದು ಇನ್ನೊಂದು. ಆಮೇಲೆ ಯಾವ ಕಾರಣವನ್ನೂ ಹೇಳಲಿಲ್ಲ. ಟೈ ಸಡಿಲವಾಯಿತು, ಮತ್ತೆ ಬೆಲ್ಟು. ಮೂರನೇ ಬಟ್ಟಲು ಮುಗಿದ ಮೇಲೆ “ಒಂದು ನಿಮಿಷ” ಎಂದು ಕೋಳಿ ಆಹಾರದ ಮೂಟೆಗೆ ಒರಗಿದ. ಅಷ್ಟೇ. ಮೊದಲ ಗೊರಕೆಗೆ ಕಿಟಕಿಯ ಗಾಜು ಅದುರಿತು, ಎರಡನೆಯದಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಟ್ರಾಕ್ಟರಿನವನು ತನ್ನ ಇಂಜಿನ್ನಿನದೆಂದು ಇಳಿದು ನೋಡಿದ.

“ತೀರ್ಪು ಬಂತಲ್ಲ,” ಎಂದ ಹೋಯ್ಟ್. “ತಿಂಡಿ ತಿಂದು ಯಾರಾದ್ರೂ ಹಿಂಗೆ ಗೊರಕೆ ಹೊಡೀತಾರಾ?”

ನೆಲ್ಡಾಳ ಮುಖದಲ್ಲಿ ಹೆಮ್ಮೆಯೂ ಸಂಕಟವೂ ಒಂದೇ ಕುರ್ಚಿಗೆ ಜಗಳವಾಡುತ್ತಿದ್ದವು. ಅಧಿಕಾರಿ ಎಚ್ಚರಗೊಂಡು, ಬಾಯಿ ಒರೆಸಿಕೊಂಡು, ಪೆನ್ನು ತೆಗೆದ.

“ನೆಲ್ಡಾ,” ಎಂದೆ ನಾನು ಅವಳ ಕಿವಿಯಲ್ಲಿ, “ಒಂದೇ ಮಾತು. ಹೇಳ್ಬಿಡು. ಹುಡುಗನಿಗೆ ಇದೊಂದೇ ಶನಿವಾರ ಇರೋದು.”

“ನಾಳೆಯಿಂದ ಈ ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವೇನೋ? ಮರಣದ ಮನೆಗೆ ತಿಂಡಿ ತಗೊಂಡು ಹೋದವಳು ಅಂತ ನನ್ನ ಗೋರಿ ಮೇಲೆ ಕೆತ್ತಿಸ್ತಾರೆ.”

“ಆ ಹುಡುಗ ನಿನ್ನ ಮರ್ಯಾದೆಗೆ ಆಟಾನೇ ಬಿಡ್ತೀನಿ ಅಂದಿದಾನೆ.”

ನೆಲ್ಡಾ ನನ್ನನ್ನು ಎಷ್ಟು ಹೊತ್ತು ನೋಡಿದಳೆಂದರೆ ನಾನು ನನ್ನ ಅಂಗಡಿಯಲ್ಲೇ ಕಳ್ಳನ ಹಾಗಾದೆ. ಆಮೇಲೆ ಏಪ್ರನ್ ಬಿಚ್ಚಿ ಮಡಚಿ ಗಲ್ಲಾದ ಮೇಲಿಟ್ಟಳು. ಚರ್ಚಿನಲ್ಲಿ ನಿಂತಂತೆ ನಿಂತಳು.

“ಬರೆದ್ಕೊಳ್ಳಿ,” ಎಂದಳು. “ಅದು... ತಿ...”

ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಮಾತು ಅಲ್ಲೇ ನಿಂತಿತು. ಲೋಟದಲ್ಲಿ ನೀರು ಕೊಟ್ಟೆ. ಕುಡಿದು, ತುಟಿಯೊಳಗೇ ಏನೋ ಅಂದಳು.

“ಸ್ವಲ್ಪ ಜೋರಾಗಿ, ಮೇಡಂ,” ಎಂದ ವೇಡ್.

ಜೋರಾಗಿ! ಹುಟ್ಟಿದಾಗಿನಿಂದ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

“ತಿಂಡಿ!” ಎಂದು ಅರಚಿದಳು. ಫೋನಿನೊಳಗೆ ಜಿಮ್ಮಿ ರೇ “ಅಯ್ಯೋ ನನ್ನ ಕಿವಿ” ಎಂದದ್ದು ಬೆಂಚಿನವರೆಗೂ ಕೇಳಿಸಿತು. “ಸುಮ್ನೆ ಬಾಯಿಗೆ ಹಾಕ್ಕೊಳ್ಳೋಕೆ ಮಾಡಿದ್ದು. ನನ್ನ ಕೋಳಿ ಕಡುಬು ಒಂದು ತಿಂಡಿ. ಮಾಡಿದವಳು ನಾನು, ನಾನೇ ಹೇಳ್ತಿದೀನಿ, ಇನ್ಯಾರೂ ಹೇಳೋಕೆ ಬರ್ಬೇಡಿ. ಹುಡುಗ ಆಡ್ಲಿ.”

ಹೀಗೆ ಅಧಿಕಾರಿಗೆ ಸುಳ್ಳು ಹೇಳಿ, ರೇಡಿಯೋದಲ್ಲಿ ತಾನೇ ಕೊಟ್ಟ ‘ಊಟ’ದ ತೀರ್ಪು ವಾಪಸ್ ತಗೊಂಡು, ಹೊಟ್ಟೆ ತುಂಬಿಸುವ ಕೈಯಡುಗೆಯನ್ನು ತಿಂಡಿಗಿಳಿಸಿದ್ದರಿಂದ ಅವಳ ಮೂರು ಜಂಬಗಳೂ ಒಂದೇ ಬೆಳಿಗ್ಗೆ ನನ್ನ ಅಂಗಡಿಯ ನೆಲಕ್ಕೆ ಬಿದ್ದವು. ಸ್ಟೇಟ್‌ನವರು ಚಪ್ಪಾಳೆ ತಟ್ಟಿದರು. ಒಬ್ಬಿಬ್ಬರು ತಟ್ಟಲಾರದೆ ಟೋಪಿ ತೆಗೆದು ನಿಂತರು, ಶವಯಾತ್ರೆ ಹಾದುಹೋದಾಗ ನಿಲ್ಲುವ ಹಾಗೆ. ಹೋಯ್ಟ್ ಕೂಡ ಟೋಪಿ ತೆಗೆದ. ಅದು ಮರ್ಯಾದೆಗೋ, ತಲೆ ಕೆರೆಯುವುದಕ್ಕೋ, ನನಗೆ ಇನ್ನೂ ಬಗೆಹರಿದಿಲ್ಲ. ವೇಡ್ ಉಳಿದ ಕಡುಬನ್ನು ‘ಮುಂದಿನ ವಿಚಾರಣೆಗೆ’ ಎಂದು ಕಾರಿನಲ್ಲಿಟ್ಟುಕೊಂಡು ಹೋದ.

ಶನಿವಾರ ಡೆಮೆಟ್ರಿಕ್ ಆಡಿದ. ಹೇಗೆ ಆಡಿದ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ನನ್ನ ಮಾತನ್ನು ನಂಬುವ ಅಭ್ಯಾಸ ನಿಮಗೆ ಈಗಾಗಲೇ ತಪ್ಪಿರಬಹುದು. ಅವನು ಎಸೆದ ಒಂದು ಚೆಂಡು ಮೇಲೆ ಹೋಗಿ ಇಳಿಯುವಷ್ಟರಲ್ಲಿ ನಾನು ಒಂದು ಮಿಠಾಯಿ ಕಾಗದ ಬಿಚ್ಚಿ ತಿಂದು ಮುಗಿಸಿದ್ದೆ. ಸ್ಟೇಟ್ ಗೆದ್ದಿತು. ಕೊನೆಗೆ ಹುಡುಗ ನಮ್ಮ ಸಾಲಿನ ಕೆಳಗೆ ಬಂದು, ಹೆಲ್ಮೆಟ್ ತೆಗೆದು, ಮೇಲೆ ಕೂತ ನೆಲ್ಡಾಳಿಗೆ ತಲೆ ಬಾಗಿಸಿದ. ಅವಳು ಅವತ್ತು ಕೂಗಲಿಲ್ಲ. ಕೈ ಬೀಸಿದಳು, ಬೇಗ ಮನೆಗೆ ಹೋಗು, ಚಳಿ ಎನ್ನುವ ಹಾಗೆ.

ಪಂದ್ಯ ಹೋಯಿತು, ಮಾತು ಉಳಿಯಿತು. ನಮ್ಮೂರಿನ ನಾಲಗೆಗಳು ಅಂಥದ್ದನ್ನು ಸುಮ್ಮನೆ ಬಿಡುವುದಿಲ್ಲ. ಚರ್ಚಿನ ಸಂತರ್ಪಣೆಯಲ್ಲಿ ಅವಳ ಪಾತ್ರೆಯ ಮುಂದೆ ಬಂದವರು “ನಂಗೆ ಊಟ ಆಗಿದೆ ನೆಲ್ಡಾ, ಒಂಚೂರು ತಿಂಡಿ ಬಡ್ಸು” ಎನ್ನುವರು, ಹಾಗೆಂದು ಮೂರು ಸಲ ಬಡಿಸಿಕೊಳ್ಳುವರು. ನೆಲ್ಡಾ ತುಟಿ ಬಿಗಿಹಿಡಿದು ಬಡಿಸುತ್ತಿದ್ದಳು. ರೇಡಿಯೋಗೆ ಕರೆ ಮಾಡುವುದನ್ನು ನಿಲ್ಲಿಸಿದಳು. ನನ್ನ ಅಂಗಡಿಯಲ್ಲಿ ಸೋಮವಾರಗಳು ಎಷ್ಟು ಮೌನವಾದವೆಂದರೆ ಬೀಜಗಳು ಪೊಟ್ಟಣದೊಳಗೇ ಮೊಳೆಯುವ ಸದ್ದು ಕೇಳುತ್ತಿತ್ತು. ನನಗೆ ನಿಜವಾಗಿ ಚಿಂತೆಯಾಯಿತು. ಬಾಯಿ ಮುಚ್ಚಿದ ನೆಲ್ಡಾ ಎಂದರೆ ನೀರಿಲ್ಲದ ನದಿ. ಅದರ ದಡದಲ್ಲಿ ಕೂತು ನಾನು ಏನು ಮಾಡಲಿ?

ಕ್ರಿಸ್ಮಸ್ಸಿಗೆ ಮುಂಚಿನ ಒಂದು ಬೆಳಿಗ್ಗೆ ಬೆಂಚು ತುಂಬಿತ್ತು. ನೆಲ್ಡಾ ಗೆಡ್ಡೆಕೋಸಿನ ಬೀಜ ತೂಗಿ ಪೊಟ್ಟಣ ಕಟ್ಟುತ್ತಿದ್ದಳು. ಹೋಯ್ಟ್ ಕಾಫಿ ಮುಗಿಸಿ, ಸುತ್ತಲಿನವರಿಗೆ ಕಣ್ಣು ಹೊಡೆದು, ಗಂಟಲು ಸರಿಮಾಡಿಕೊಂಡ.

“ನೆಲ್ಡಾ, ಒಂದು ಮಾತು ನಡೆಸಿಕೊಡ್ತೀಯೇನಮ್ಮ? ನಂಗೂ ವಯಸ್ಸಾಯ್ತು. ನಾಳೆ ನಾನು ಸತ್ರೆ ನಮ್ಮ ಲೊರೀನ್ ಮನೆಗೆ ದಯವಿಟ್ಟು ಆ ನಿನ್ನ ತಿಂಡಿ ತರ್ಬೇಡ. ಬಂದ ಜನ ಹಸ್ಕೊಂಡು ವಾಪಸ್ ಹೋದಾರು.”

ಬೆಂಚು ಗೊಳ್ಳೆಂದಿತು. ನೆಲ್ಡಾ ತಲೆ ಎತ್ತಲಿಲ್ಲ. ಪೊಟ್ಟಣದ ಬಾಯಿ ಮಡಚಿ, ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಲ್ಲಿ ಕಡಿದಳು.

“ಇಲ್ಲ ಕಣೋ ಹೋಯ್ಟ್. ದುಃಖ ಇರೋ ಮನೇಲಿ ಜನಕ್ಕೆ ಏನೂ ಸೇರಲ್ಲ, ಅಲ್ಲಿಗೆ ತಿಂಡಿ ಸಾಕು. ನೀನು ಹೋದ ದಿನ ಎಲ್ಲರಿಗೂ ಹಸಿವು ಜೋರಾಗಿರುತ್ತೆ. ಊಟಾನೇ ತರ್ತೀನಿ.”